ಕೊನೆಯ ಬೆಂಚಿನ ನಗು

“ಆ ರಾಜನದೂ, ಪಾಪ, ಟೆಂಪರರಿ ಪೋಸ್ಟೇ!” ಎಂದು ಕರಿಹಲಗೆಯ ಮುಂದಿದ್ದ ಯುವಕ ನಗುವಿಗಾಗಿ ಕಾದ. ಮುಂದಿನ ಸಾಲಿನ ಆಯ್ಕೆ ಸಮಿತಿಯವರು ತಲೆ ಎತ್ತಲಿಲ್ಲ. ಅವನದು ಇತಿಹಾಸದಲ್ಲಿ ಹೊಸ ಡಾಕ್ಟರೇಟು, ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ಅಂಗಿ. ಒಂದು ವರ್ಷದ ಬೋಧನಾ ಫೆಲೋಶಿಪ್‌ಗೆ ಇದು ಅವನ ಮಾದರಿ ಪಾಠ. ಅದೇ ಫೆಲೋಶಿಪ್‌ನ ಕೊನೆಯ ವಾರದಲ್ಲಿದ್ದ ಉಪನ್ಯಾಸಕಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು.

“ರಜೆ ನೋಡಮ್ಮ, ಹುಡುಗರಿಲ್ಲ. ಖಾಲಿ ಬೆಂಚಿಗೆ ಪಾಠ ಮಾಡು ಅಂದ್ರೆ ಯಾರಿಗಾದ್ರೂ ಬಾಯಿ ಒಣಗುತ್ತೆ. ಸ್ವಲ್ಪ ಹೊತ್ತು ಸ್ಟೂಡೆಂಟ್ ಥರ ಕೂತ್ಕೊ. ಹೇಗೂ ಫ್ರೀ ಇದ್ದೀಯಲ್ಲ,” ಎಂದು ವಿಭಾಗದ ಮುಖ್ಯಸ್ಥರೇ ಅವಳನ್ನು ಕೂರಿಸಿದ್ದರು.

ಯುವಕನ ಕಣ್ಣು ಬೆಂಚಿನಿಂದ ಬೆಂಚಿಗೆ ಅಲೆದು ಅವಳ ಮೇಲೆ ನಿಂತಿತು. ಕಳೆದ ವರ್ಷ ಅವಳು ಇದೇ ಮಾದರಿ ಪಾಠಕ್ಕೆ ಅಲ್ಲಿ ನಿಂತಿದ್ದಾಗ ಈ ಬೆಂಚಿನಲ್ಲೊಬ್ಬ ಕನ್ನಡಕದವನಿದ್ದ. ಅವಳ ಸಪ್ಪೆ ಜೋಕಿಗೂ ಡೆಸ್ಕ್ ತಟ್ಟಿ ನಕ್ಕಿದ್ದ. ಹೋದ ಜೀವ ಬಂದಂತಾಗಿ, ಇಡೀ ಪಾಠವನ್ನು ಅವನೊಬ್ಬನಿಗೇ ಹೇಳಿ ಮುಗಿಸಿದ್ದಳು. ಯಾರೋ ವಯಸ್ಸಾದ ವಿದ್ಯಾರ್ಥಿ ಎಂದುಕೊಂಡು, ಕೆಲಸ ಸಿಕ್ಕ ಮೇಲೆ ಥ್ಯಾಂಕ್ಸ್ ಹೇಳಲು ತರಗತಿಗಳಲ್ಲೆಲ್ಲ ಹುಡುಕಿದ್ದಳು. ತನಗಿಂತ ಮೊದಲು ತನ್ನ ಕುರ್ಚಿಯಲ್ಲಿ ಯಾರಿದ್ದರೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. ಅವನದೇ ಬೆಂಚಿನಲ್ಲಿ ಕೂತ ಮೇಲೆ ಈಗ ಕೇಳಬೇಕಾಗಿಯೂ ಇರಲಿಲ್ಲ.

ಯುವಕ ಸೀಮೆಸುಣ್ಣ ಹಿಡಿದು ನಿಂತೇ ಇದ್ದ. ಅವನು ಇನ್ನೂ ಅವಳನ್ನೇ ನೋಡುತ್ತಿದ್ದ.

ಅವಳು ಡೆಸ್ಕ್ ತಟ್ಟಿ ನಕ್ಕಳು.