ಹೊರಕ್ಕೆ ಉಬ್ಬಿದ ಗಾಜು

"ಕೊಂಬೆ ಬಿದ್ದು ಒಡೀತು," ಎಂದ ದೊಡ್ಡ ಕಾರಿನ ಯಜಮಾನ. ಗಾಜು ಕೂರಿಸುವವನು ಚಾವಣಿಯ ಬಿರುಕುಬಿಟ್ಟ ಸನ್‌ರೂಫ್ ಗಾಜಿನ ಮೇಲೆ ಅಂಗೈ ಆಡಿಸಿದ. ಅದು ಹೊರಕ್ಕೆ ಉಬ್ಬಿತ್ತು. ಇಪ್ಪತ್ತು ವರ್ಷದ ಕಸುಬು ಅವನನ್ನು ಸುಮ್ಮನಿರಗೊಡಲಿಲ್ಲ. "ಕೊಂಬೆ ಬಿದ್ದಿದ್ರೆ ಗಾಜು ಒಳಕ್ಕೆ ಕುಸೀತಿತ್ತು ಸಾರ್. ಇದನ್ನ ಯಾರೋ ಒಳಗಿಂದ ಒದ್ದಿದ್ದಾರೆ."

ಹೇಳಿದ ಮೇಲೆ ಅವನ ಕಣ್ಣು ಅಂಗಡಿಯ ಮೂಲೆಯ ಕುರ್ಚಿಯತ್ತ ಹೋಯಿತು. ಅಲ್ಲಿ ಕೂತಿದ್ದ ಯಜಮಾನನ ಹೆಂಡತಿಯ ಎರಡೂ ಹಿಮ್ಮಡಿಗೆ ಬ್ಯಾಂಡೇಜಿತ್ತು. ಅವಳು ಮೆಲ್ಲಗೆ ಕಾಲುಗಳನ್ನು ಕುರ್ಚಿಯಡಿಗೆ ಎಳೆದುಕೊಂಡಳು.

ಯಜಮಾನ ನಕ್ಕ. "ಕಸುಬು ಬಲ್ಲೋರು ನೀವು. ಬಿಸಿಲಲ್ಲಿ ಅರ್ಧ ಗಂಟೆ ಕೂಡಿಹಾಕಿದ್ದಕ್ಕೇ ಇಷ್ಟು ಮಾಡಿದ್ಲು. ಎಷ್ಟು ಒದ್ರೂ ಒಡೀದೇ ಇರೋದು ಇದೆಯಾ?"

"ಇದೆ ಸಾರ್, ಆನೆ ತುಳಿದ್ರೂ ಜಗ್ಗಲ್ಲ." ಗಿರಾಕಿಗಳಿಗೆ ದಿನವೂ ಹೇಳುವ ಮಾತು, ನಾಲಿಗೆ ಕಚ್ಚಿಕೊಳ್ಳುವ ಮೊದಲೇ ಜಾರಿಬಿಟ್ಟಿತ್ತು.

ಯಜಮಾನ ಕುರ್ಚಿಯತ್ತ ತಿರುಗಿದ. "ಕೇಳಿಸ್ಕೊಂಡ್ಯಾ?"