ಇನ್ನೊಂದು ಜಾಡಿ

ಪೊಟ್ಯಾಸಿಯಂ ಬ್ರೋಮೈಡಿನ ಜಾಡಿಯ ಬಾಯಿಗೆ ಮೆತ್ತಿದ್ದ ಅರಗು ಇನ್ನೂ ಒಡೆದೇ ಇರಲಿಲ್ಲ. ಕಂಪೌಂಡರ್ ಆದಪ್ಪ ಅರಗನ್ನು ಬೆರಳಿನಿಂದ ತಡವಿ ನೋಡಿದ. ಹಾಗಾದರೆ ಬೆಳಿಗ್ಗೆ ಪಾಮನಕಲ್ಲೂರಿನ ಶೇಖರಮ್ಮನ ಮಗಳಿಗೆ ಮೂರ್ಛೆಗೆಂದು ತಾನು ಕಲಸಿಕೊಟ್ಟ ಔಷಧಿಯಲ್ಲಿ ಬಿದ್ದದ್ದು ಏನು? ಪಕ್ಕದ ಜಾಡಿ ಎತ್ತಿ ನೋಡಿದ. ಅದೇ ಬಿಳಿ ಹರಳು. ಚೀಟಿಯ ಮೇಲೆ ಮಾತ್ರ ಸೋಡಿಯಂ ಬ್ರೋಮೈಡ್.

ಕೇಳೋಣವೆಂದರೆ ಡಾಕ್ಟರ್ ಮಕ್ತುಮ್‌ಸಾಬರು ಇರಲಿಲ್ಲ. ನಿಜಾಮ ಸರಕಾರದ ತಾಲೂಕ್ದಾರರು ತಪಾಸಣೆಗೆ ದೌರಾ ಬಂದಿದ್ದಾರೆಂದು ಲಿಂಗಸುಗೂರಿಗೆ ಹೋಗಿದ್ದರು. ಆದಪ್ಪ ದವಾಖಾನೆಗೆ ಕೀಲಿ ಜಡಿದ. ಎದುರಿನ ಅಂಗಡಿಯವನ ಸೈಕಲ್ಲು ಇಸಿದುಕೊಂಡು, ಮಸ್ಕಿಯಿಂದ ಉರಿಬಿಸಿಲಲ್ಲೇ ತುಳಿಯುತ್ತ ಹೊರಟ.

ಶೇಖರಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ಔಷಧಿ ಕುಡಿಸಬ್ಯಾಡ್ರಿ!" ಸೈಕಲ್ಲಿನಿಂದ ಇಳಿಯುವ ಮೊದಲೇ ಆದಪ್ಪ ಕೂಗಿದ.

"ಮನಿಗೆ ಬಂದ ಕೂಡ್ಲೇ ಕುಡಿಸೀನಲ್ಲಪ. ಮಲಗ್ಯಾಳ. ಯಾಕ?"

ಆದಪ್ಪನಿಗೆ ನಿಜ ಹೇಳಲು ನಾಲಿಗೆ ಏಳಲಿಲ್ಲ. "ಹೆಂಗದಾಳ ನೋಡಿ ಹೋಗಾಕ ಬಂದೀನ್ರಿ" ಎಂದವನೇ ಒಳಗೆ ಹೋಗಿ, ಕೌದಿಯ ಮೇಲೆ ಮಲಗಿದ್ದ ಹುಡುಗಿಯ ಪಕ್ಕ ಕೂತುಬಿಟ್ಟ. ಹತ್ತು ವರ್ಷದ ಜಂಬಮ್ಮ. ಅವಳ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದ. ಒಂದು ಉಸಿರು ತಡವಾದರೆ ಇವನ ಉಸಿರೂ ನಿಲ್ಲುತ್ತಿತ್ತು. ಹೊತ್ತು ಇಳಿಯುವಾಗ ಹುಡುಗಿ ಕಣ್ಣು ಬಿಟ್ಟಳು. ಗುರುತಿಲ್ಲದ ಗಂಡಸನ್ನು ಕಂಡು ಹುಬ್ಬು ಗಂಟಿಕ್ಕಿ, "ಯವ್ವಾ, ಹಸಿವಾಗೇತಿ" ಎಂದಳು.

"ನಾಕು ದಿನದಾಗ ಇವತ್ತೇ ಮೈ ಸೆಟೆದಿಲ್ಲ ನೋಡಪ" ಎಂದಳು ಶೇಖರಮ್ಮ. ಆದಪ್ಪ ಉಳಿದ ಔಷಧಿಯ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು, ಏನೋ ನೆಪ ಹೇಳಿ ಹಿಂದಿರುಗಿದ.

ಮಸ್ಕಿಗೆ ಬರುವಷ್ಟರಲ್ಲಿ ಡಾಕ್ಟರು ಬಂದಿದ್ದರು. ಆದಪ್ಪ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ಅವರು ಬಾಟಲಿ ಮೂಸಿ ನೋಡಿದರು, ಅವನನ್ನು ನೋಡಿದರು. ಆಮೇಲೆ ಒಂದು ದಪ್ಪ ಪುಸ್ತಕ ತೆಗೆದು, ಮಡಚಿದ್ದ ಹಾಳೆ ಬಿಚ್ಚಿದರು. ಹಾಳೆಯ ತುಂಬ ಸಣ್ಣ ಸಣ್ಣ ಚೌಕದ ಮನೆಗಳು.

"ಇದು ಮೂಲವಸ್ತುಗಳ ನಕಾಶೆ. ಗುಣ ಹೊಂದೋವನ್ನ ಒಂದರ ಕೆಳಗೊಂದು ಕೂಡಿಸ್ಯಾರ. ಇದು ಸೋಡಿಯಂ. ಕೆಳಗಿನ ಮನಿ ಪೊಟ್ಯಾಸಿಯಂ. ಮೂರ್ಛೆ ತಡಿಯೋದು ಬ್ರೋಮಿನ್; ಈ ಎರಡರಾಗ ಯಾವುದು ಅದರ ಜೋಡಿ ಇದ್ರೂ ಕೆಲಸ ನಡೀತೈತಿ. ಹುಡುಗಿಗೆ ಏನೂ ಆಗಂಗಿಲ್ಲ. ನಾಳೆ ಬಾಟ್ಲಿ ಒಯ್ದು ಕೊಡು. ಖರೇನೂ ಹೇಳಿ ಬಾ."

ಆದಪ್ಪ ಸ್ಟೂಲಿನ ಮೇಲೆ ಕುಸಿದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಹಂಗಾರ ಒಂದು ಸಾಲಿನಾಗ ಇದ್ದವೆಲ್ಲಾ ಅಣ್ತಮ್ಮರ ಅನ್ರಿ, ಸಾಹೇಬ್ರ!"

ಡಾಕ್ಟರು ನಗಲಿಲ್ಲ. ಅವರ ಬೆರಳು ಹಾಳೆಯ ಬಲಕ್ಕೆ ಸರಿದು ಒಂದು ಮನೆಯ ಮೇಲೆ ನಿಂತಿತು. "ಇದು ರಂಜಕ. ನಿನ್ನ ಎಲುಬಿನಾಗೂ ಐತಿ, ನನ್ನ ಎಲುಬಿನಾಗೂ ಐತಿ. ಅದರ ಕೆಳಗಿಂದು ಓದು."

ಆದಪ್ಪ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದ: ಆರ್ಸೆನಿಕ್. ಬೀಗ ಹಾಕಿದ ಕಪಾಟಿನಲ್ಲಿದ್ದ, ತಲೆಬುರುಡೆಯ ಚಿತ್ರದ ಪಾಷಾಣದ ಬಾಟಲಿಯ ಮೇಲಿನ ಹೆಸರೇ ಅಲ್ಲಿತ್ತು.