ಹಣ್ಣಿನೊಳಗಿನ ಮಾತ್ರೆ

ಬಾಳೆಹಣ್ಣು ಕಚ್ಚಿದವಳ ನಾಲಿಗೆಗೆ ಕಹಿ ತಾಕಿತು. ಅಂಗೈಗೆ ಉಗುಳಿ ನೋಡಿದರೆ, ತಿರುಳಿನ ನಡುವೆ ಬಿಳಿ ಮಾತ್ರೆಯ ಚೂರು. ಮದ್ದು ನುಂಗದ ಆಡುಗಳಿಗೆ ಗಂಡ ಹೀಗೆಯೇ ಹಣ್ಣಿನಲ್ಲಿ ಹುದುಗಿಸಿ ತಿನ್ನಿಸುವುದನ್ನು ಅವಳು ಇಪ್ಪತ್ತು ವರ್ಷದಿಂದ ಕಂಡಿದ್ದಳು.

“ಏನ್ರೀ ಇದು? ನಾನೇನು ನಿಮ್ಮ ಕೊಟ್ಟಿಗೆ ಆಡಾ?”

ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದ ಗಂಡ ತಲೆ ಎತ್ತಲಿಲ್ಲ. “ಡಾಕ್ಟ್ರು ನಿನ್ನ ಮನಸ್ಸಿಗೆ ಅಂತ ಬರೆದುಕೊಟ್ಟ ಮಾತ್ರೆ ಕಣೇ. ಮೊದಲನೇ ದಿನ ನೀನು ಉಗುಳಿದ್ದು ನೋಡ್ದೆ. ಅದೇ ಚೀಟಿ ತೋರಿಸಿ ಇನ್ನೊಂದಿಷ್ಟು ತಂದು ದಿನಾ ಹಾಲಲ್ಲಿ ಕರಗಿಸ್ತಿದ್ದೆ. ಇವತ್ತು ಹಾಲು ಬೇಡ ಅಂದ್ಯಲ್ಲ.”

“ಅಯ್ಯೋ, ಮಾರನೇ ದಿನದಿಂದ ನಾನೇ ತಗೋತಿದ್ದೀನಲ್ರೀ! ದಿನಕ್ಕೆ ಒಂದೇ ಅಂದಿದ್ರು ಅವರು.”

ಹತ್ತು ದಿನದಿಂದ ಅವಳ ಕೈ ನಡುಗುತ್ತಿತ್ತು, ಸುಮ್ಮಸುಮ್ಮನೆ ಬೆವರು ಇಳಿಯುತ್ತಿತ್ತು, ಕೂತಲ್ಲಿ ಕೂರಲಾಗದೆ ಅಂಗಳ ಸುತ್ತುತ್ತಿದ್ದಳು. ಬುದ್ಧಿಯೇ ಕೆಡುತ್ತಿದೆಯೆಂದು ಹೆದರಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಗಂಡನ ಮುಖ ಬಿಳಿಚಿಕೊಂಡಿತು. “ಹಂಗಾದ್ರೆ ಇವತ್ತಿಂದ ಎರಡನ್ನೂ ನಿಲ್ಲಿಸಿಬಿಡೋಣ,” ಎಂದ.

“ನೀವು ಇನ್ನು ಏನೂ ತೀರ್ಮಾನ ಮಾಡ್ಬೇಡಿ. ಮೊದಲು ಡಾಕ್ಟ್ರಿಗೆ ಫೋನ್ ಹಚ್ಚಿ.”

ಆ ಕಡೆಯಿಂದ ಹಲೋ ಕೇಳಿಸಿದ್ದೇ ತಡ, ಗಂಡ ಗಂಟಲು ಸರಿಮಾಡಿಕೊಂಡು, “ಸಾರ್, ನಮ್ಮ ಮನೆಯವಳಿಗೆ...” ಎಂದು ಶುರುಮಾಡಿದ. ಅವಳು ಅವನ ಕೈಯಿಂದ ಫೋನು ತೆಗೆದುಕೊಂಡಳು.

“ಡಾಕ್ಟ್ರೇ, ಮಾತ್ರೆ ನುಂಗಿರೋದು ನಾನು. ನನ್ನನ್ನ ಕೇಳಿ.”